ಒಂದು ಬರ್ನರಿನ ಗ್ಯಾಸ್ ಕುಲುಮೆ: ಒಂಬತ್ತು ಚಾಕು ಮಾಡಿದ ಮೇಲೆ

ಈ ಕುಲುಮೆಗೆ ಕಾವು ಸಾಲದು ಅಂತ ಯಾರೂ ದೂರುವ ಹಾಗಿಲ್ಲ. ಹತ್ತು ನಿಮಿಷಕ್ಕೆ ಒಳಗೋಡೆ ಹೊಳೆಯುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಚಾಕುವಿಗೆ ಅಷ್ಟು ಕಾವು ಬೇಕಾಗಿಲ್ಲ.

ಹಲ್ಲು ಸವೆದ ಹಳೇ ಅರಗಳಿಂದ ನಾನು ಚಾಕು ಮಾಡುತ್ತೇನೆ. ಒಳ್ಳೆಯ ಅರದ ಉಕ್ಕಿನಲ್ಲಿ ಶೇಕಡ 1ರ ಆಸುಪಾಸು ಇಂಗಾಲ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿ, ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟರೆ ಕೊರೆಯುವಷ್ಟು ಮೆತ್ತಗಾಗುತ್ತದೆ. ಈ ಕೆಲಸಕ್ಕೆ ಕುಲುಮೆ ಸೊಗಸಾಗಿದೆ. ಅಲಗು ತಿದ್ದಿದ ಮೇಲೆ ಮತ್ತೆ 800 ಡಿಗ್ರಿ ಸುತ್ತಮುತ್ತ ಕಾಯಿಸಿ ಎಣ್ಣೆಗೆ ಅದ್ದಬೇಕು. ಮೊದಲ ಚಾಕು ಕೆಟ್ಟಿದ್ದು ಈ ಹಂತದಲ್ಲೇ. ಬೆನ್ನು ಇನ್ನೂ ಮಂಕು ಕೆಂಪು, ತೆಳು ತುದಿ ಆಗಲೇ ಹಳದಿ! ಅದ್ದಿ ತೆಗೆದು ಮೆಲ್ಲಗೆ ತಟ್ಟಿದೆ, ತುದಿ ಪಟ್ ಅಂತ ಮುರಿಯಿತು. ಮುರಿದ ಜಾಗ ನೋಡಿದರೆ ಸಕ್ಕರೆ ಹರಳಿನ ಹಾಗೆ ತರಿತರಿ. ಕಾವು ಜಾಸ್ತಿಯಾಗಿ ಉಕ್ಕಿನ ಕಣ ದಪ್ಪಗಾಗಿತ್ತು.

ಪರಿಹಾರ ಒಂದು ಪೈಪು. ಒಂದು ಬಾಯಿ ಮುಚ್ಚಿದ ದಪ್ಪ ಕಬ್ಬಿಣದ ಪೈಪನ್ನು ಕುಲುಮೆಯೊಳಗೆ ಮಲಗಿಸಿ, ಅಲಗನ್ನು ಅದರೊಳಗೆ ಇಡುತ್ತೇನೆ. ಉರಿ ನೇರ ತಾಗುವುದಿಲ್ಲ, ಕಾವು ಸಮನಾಗಿ ಏರುತ್ತದೆ. ಸತು ಲೇಪದ ಪೈಪು ಮಾತ್ರ ಬೇಡವೇ ಬೇಡ, ಅದರ ಹೊಗೆ ವಿಷ. ಸುಮಾರು 770 ಡಿಗ್ರಿಗೆ ಉಕ್ಕು ಮ್ಯಾಗ್ನೆಟ್ಟಿಗೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಒಂಚೂರು ಮೇಲೆ ಹೋಗಬೇಕು, ಅಷ್ಟೇ. ಕಣ್ಣಂದಾಜು ಸಾಲದಿದ್ದರೆ ಅಡುಗೆ ಉಪ್ಪು ಇದೆ ಅಲ್ವಾ, ಅದು ಕರಗುವುದು 801ಕ್ಕೆ. ಅಲಗಿನ ಮೇಲೆ ಉದುರಿಸಿದ ಚಿಟಿಕೆ ಉಪ್ಪು ಕರಗಿ ಹರಿದರೆ ತಕ್ಷಣ ಹೊರಗೆ. ಎಣ್ಣೆ 50 ಡಿಗ್ರಿಯಷ್ಟು ಬೆಚ್ಚಗಿರಲಿ. ಅಲಗು ನೆಟ್ಟಗೆ ಇಳಿಯಬೇಕು, ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ.

ಆಮೇಲೆ ಹೊಸ ಅರ ಉಜ್ಜಿ ನೋಡಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಅಂತ ಲೆಕ್ಕ. ಆದರೆ ಆಗ ಅದು ಗಾಜು, ಬಿದ್ದರೆ ಎರಡು ತುಂಡು. ತಡಮಾಡದೆ ಓವನ್ನಿನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ, ಎರಡು ಸಲ ಇಡುತ್ತೇನೆ. ನನ್ನ ಓವನ್ನಿನ ಗುಂಡಿ 200 ಅನ್ನುವಾಗ ಒಳಗಿಟ್ಟ ಥರ್ಮಾಮೀಟರ್ 230 ಅನ್ನುತ್ತದೆ. ಗುಂಡಿಯನ್ನು ನಂಬಬೇಡಿ.

ಇನ್ನು ಕುಲುಮೆಯ ಮೇಲಿನ ಸಿಟ್ಟು. ಒಳಗಿನ ಸೆರಾಮಿಕ್ ಉಣ್ಣೆಗೆ ಲೇಪವನ್ನೇ ಹಚ್ಚದೆ ಕಳಿಸಿದ್ದಾರೆ. ಆ ನಾರು ಪುಪ್ಪುಸಕ್ಕೆ ಹೋದರೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು, ಕಾವು ತಡೆಯುವ ಸಿಮೆಂಟ್ ಬಳಿದು, ಒಣಗಿದ ಮೇಲೆಯೇ ಕುಲುಮೆ ಹೊತ್ತಿಸಿದೆ. ಕೈಪಿಡಿಯಲ್ಲಿ ಇದರ ಮಾತೇ ಇಲ್ಲ. ಬಯಲಲ್ಲೇ ಹೊತ್ತಿಸಿ ಅಂತಲೂ ಬರೆದಿಲ್ಲ, ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ಗೊತ್ತೂ ಆಗುವುದಿಲ್ಲ. ರೆಗ್ಯುಲೇಟರಿಗೆ ಗ್ಯಾಸಿನ ಒತ್ತಡ ತೋರಿಸುವ ಗೇಜ್ ಇಲ್ಲ, ನಾನೇ ಬೇರೆ ಕೊಂಡು ಹಾಕಿದೆ.

ನಾಲ್ಕನೇ ಚಾಕು ಗಟ್ಟಿಯಾಗಲೇ ಇಲ್ಲ. ಅದಕ್ಕೆ ಕುಲುಮೆಯನ್ನು ಸುಮ್ನೆ ಬೈದೆ. ಆ ಅಗ್ಗದ ಅರಕ್ಕೆ ಮೇಲಿನ ಸಿಪ್ಪೆಯಷ್ಟೇ ಗಟ್ಟಿ, ಒಳಗೆಲ್ಲ ಮೆದು ಕಬ್ಬಿಣ. ಈಗ ಮೊದಲು ಒಂದು ಚೂರು ಕತ್ತರಿಸಿ, ಕಾಯಿಸಿ, ಅದ್ದಿ, ಸುತ್ತಿಗೆಯಲ್ಲಿ ಹೊಡೆದು ನೋಡುತ್ತೇನೆ. ಮುರಿದರೆ ಚಾಕು, ಬಾಗಿದರೆ ಗುಜರಿ.

ಐದಕ್ಕೆ ಮೂರು. ಪೈಪನ್ನು ಜೊತೆಗೇ ಕೊಟ್ಟು, ಲೇಪ ಹಚ್ಚಿ ಕಳಿಸಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.