ಎರಡು ಮಳೆಗಾಲ ದಾಟಿದ ಪ್ರೊಮಿಥಿಯಸ್ ಸರ್ವರ್

ತೀರ್ಥಹಳ್ಳಿ ಹತ್ತಿರ ನಮ್ಮನೆ. ಅಡಿಕೆ ಮಂಡಿಯವರಿಗೆ ತೂಕ, ಬಿಲ್ಲು ಬರೆದುಕೊಳ್ಳಲು ಒಂದು ಆ್ಯಪ್ ಮಾಡಿಕೊಟ್ಟಿದ್ದೇನೆ. ಅದು ಬಾಡಿಗೆ ಸರ್ವರ್‌ನಲ್ಲಿ ಓಡುತ್ತದೆ. ಅದರ ಮೇಲೊಂದು ಕಣ್ಣಿಡಲು ಮನೆಯಲ್ಲಿ ಅಂಗೈಯಗಲದ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 4ರಲ್ಲಿ ಪ್ರೊಮಿಥಿಯಸ್ (ಆ್ಯಪ್ ಹೇಗೆ ಓಡುತ್ತಿದೆ ಅನ್ನುವ ಅಂಕಿಗಳನ್ನು ಕೂಡಿಡುವ ತಂತ್ರಾಂಶ), ಗ್ರಫಾನಾ (ಅವನ್ನು ಗ್ರಾಫ್ ಮಾಡಿ ತೋರಿಸುವ ತಂತ್ರಾಂಶ) ಹಾಕಿಟ್ಟು ಎರಡು ಮಳೆಗಾಲ ಆಯಿತು.

ಹಾಕುವುದು ಒಂದು ಸಂಜೆಯ ಕೆಲಸ. ಆ್ಯಪ್‌ನಲ್ಲಿ ಮೆಟ್ರಿಕ್ಸ್, ಅಂದರೆ ಆ ಅಂಕಿಗಳ ಪುಟ ತೆರೆದಿಟ್ಟರೆ ಪ್ರೊಮಿಥಿಯಸ್ ತಾನೇ ಬಂದು ಓದಿಕೊಂಡು ಹೋಗುತ್ತದೆ. ಒಂದು ಸ್ಯಾಂಪಲ್‌ಗೆ (ಒಂದು ಸಲ ಓದಿದ ಒಂದು ಅಂಕಿಗೆ) 1ರಿಂದ 2 ಬೈಟ್ ಅಷ್ಟೇ. ನನ್ನ ಸಾವಿರ ಸೀರೀಸನ್ನು (ಬೇರೆ ಬೇರೆ ಅಂಕಿಗಳ ಸಾಲುಗಳನ್ನು) 15 ಸೆಕೆಂಡಿಗೊಮ್ಮೆ ಓದಿದರೂ ವರ್ಷಕ್ಕೆ 4 ಜಿಬಿ ಆಸುಪಾಸು. ಆದರೆ ಏನೂ ಹೇಳದಿದ್ದರೆ 15 ದಿನದ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ. ನಾನು ಅದನ್ನು ಓದದೆ ಮೊದಲ ಕೊಯ್ಲಿನ ಹೊತ್ತಿನ ಈ ಡೇಟಾ ಪೂರ್ತಿ ಕಳೆದುಕೊಂಡೆ. ಈಗ ರಿಟೆನ್ಷನ್ (ಡೇಟಾ ಇಟ್ಟುಕೊಳ್ಳುವ ಅವಧಿ) ಒಂದು ವರ್ಷಕ್ಕೆ ಇಟ್ಟಿದ್ದೇನೆ. ಮೆಮೊರಿ ಕಾರ್ಡಂತೂ ಮೊದಲ ಮಳೆಗಾಲದಲ್ಲೇ ಕೈಕೊಟ್ಟಿತು. ಯುಎಸ್‌ಬಿ ಎಸ್‌ಎಸ್‌ಡಿ ಹಾಕಿದ ಮೇಲೆ ತೊಂದರೆಯಿಲ್ಲ.

ತಲೆ ಕೆಡಿಸಿದ್ದು ಗಡಿಯಾರ. ಜುಲೈನ ಒಂದು ರಾತ್ರಿ ಹತ್ತಕ್ಕೆ ಕರೆಂಟ್ ಹೋಗಿ, ಬೆಳಗಿನ ಜಾವ ನಾಲ್ಕಕ್ಕೆ ಬಂತು. ನೆಟ್ ಬಂದಿದ್ದು ಎಂಟಕ್ಕೆ. ಗ್ರಾಫ್ ನೋಡಿದರೆ, ಮನೆಯೆಲ್ಲಾ ಕತ್ತಲಾಗಿದ್ದ ರಾತ್ರಿ ಹನ್ನೊಂದಕ್ಕೆ ಪೈ ಆರಾಮಾಗಿ ಕೆಲಸ ಮಾಡುತ್ತಿದೆ! ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇರುವುದಿಲ್ಲ. ನೆಟ್ ಸಿಗುವ ತನಕ, ಕೊನೆಗೆ ಉಳಿಸಿಟ್ಟ ಹೊತ್ತಿನಿಂದಲೇ ಎಣಿಸುತ್ತಾ ಹೋಗುತ್ತದೆ. ಮೊದಲಿನ ಒಂದಷ್ಟು ಸ್ಯಾಂಪಲ್‌ಗಳನ್ನು ಪ್ರೊಮಿಥಿಯಸ್ 'ಔಟ್ ಆಫ್ ಆರ್ಡರ್' (ಆಗಲೇ ಬರೆದಿಟ್ಟ ಹೊತ್ತಿಗಿಂತ ಹಿಂದಿನದು) ಅಂತ ಬಿಸಾಕಿತ್ತು, ಉಳಿದವು ತಪ್ಪು ಹೊತ್ತಿಗೆ ಹೋಗಿ ಕೂತಿದ್ದವು. ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಮಾಡ್ಯೂಲ್ ಸಿಕ್ಕಿಸಿದೆ, ಸರಿಹೋಯಿತು. ಮಲೆನಾಡಿನಲ್ಲಿ ಇದನ್ನು ಮೊದಲ ದಿನವೇ ಹಾಕಿಬಿಡಿ.

ನೆಟ್ ಇಲ್ಲದ ಹೊತ್ತಿನ ಆ್ಯಪ್ ಡೇಟಾ ಮಾತ್ರ ಹೋದದ್ದು ಹೋದಂತೆ. ಆಮೇಲೆ ಹೋಗಿ ತಂದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. 'ಅಪ್' ಅನ್ನುವ ಗೆರೆ ಸೊನ್ನೆಗೆ ಬಿದ್ದಿದ್ದರೆ ಆ್ಯಪ್ ಅಥವಾ ನೆಟ್ ಸತ್ತಿದೆ ಅಂತ. ಗೆರೆಯೇ ಇಲ್ಲದಿದ್ದರೆ ನಮ್ಮನೆ ಕರೆಂಟ್ ಹೋಗಿತ್ತು ಅಂತ. ಇಷ್ಟು ಗೊತ್ತಾದರೆ ಬೆಳಿಗ್ಗೆ ಸುಮ್ನೆ ಗಾಬರಿಯಾಗುವುದು ತಪ್ಪುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ್ಯಪ್ ನಿಂತರೆ ಪ್ರೊಮಿಥಿಯಸ್ ಜೊತೆಗಿನ ಅಲರ್ಟ್‌ಮ್ಯಾನೇಜರ್ ಫೋನಿಗೆ ತಿಳಿಸುತ್ತದೆ. ಪೈಯೇ ನಿಂತರೆ ತಿಳಿಸುವವರು ಯಾರು? ಸದ್ಯಕ್ಕೆ ಆ ಕೆಲಸ ಅಮ್ಮನದು. ಶಿವಮೊಗ್ಗದಲ್ಲಿದ್ದಾಗ ಫೋನ್ ಬರುತ್ತದೆ: "ನಿನ್ನ ಡಬ್ಬಿ ದೀಪ ಆರಿದೆ ಕಣೋ."