ಸ್ಟಿಕ್ಕಿ ಬನ್: ಮೈದಾವೋ ಗೋಧಿಯೋ, ಬ್ರೌನ್ ಶುಗರೋ ಓಲೆಬೆಲ್ಲವೋ

ಪೂರ್ತಿ ಗೋಧಿ ಹಿಟ್ಟಿನಲ್ಲಿ ಸ್ಟಿಕ್ಕಿ ಬನ್ ಚೆನ್ನಾಗಿಯೇ ಆಗುತ್ತದೆ. ಮೈದಾ ಬೆರೆಸಲೇಬೇಕು ಅಂತ ಇಲ್ಲ. ಆದರೆ ಮೈದಾದ ಅಳತೆ ಹಿಡಿದು ಗೋಧಿ ಕಲಸಿದರೆ ಕೆಲಸ ಕೆಡುತ್ತದೆ. ಬ್ರೌನ್ ಶುಗರ್ ಅಂತ ಬರೆದ ಕಡೆಯೆಲ್ಲ ಅಷ್ಟೇ ತೂಕದ ಬೆಲ್ಲ ಸುರಿದರೂ ಹಾಗೇ. ನಮ್ಮ ಮನೆಯಲ್ಲಿ ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ಮಾಡಿ, ತಿಂದು ನೋಡಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಬಾಳೆಹಣ್ಣು ಹಾಕಿ ಎಣ್ಣೆಯಲ್ಲಿ ಕರಿಯುವ ನಮ್ಮ ಬನ್ಸ್ ಅಲ್ಲ. ಈಸ್ಟ್ ಹಾಕಿ ಉಬ್ಬಿಸಿದ ಹಿಟ್ಟನ್ನು ಲಟ್ಟಿಸಿ, ಬೆಣ್ಣೆ ಸವರಿ, ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿ ಉದುರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ತುಂಡು ಮಾಡುತ್ತಾರೆ. ಟ್ರೇಯ ತಳದಲ್ಲಿ ಪಾಕ ಮತ್ತು ಬೀಜ ಹರಡಿ, ಅದರ ಮೇಲೆ ಈ ತುಂಡುಗಳನ್ನಿಟ್ಟು ಬೇಯಿಸುತ್ತಾರೆ. ಬೆಂದ ಮೇಲೆ ಟ್ರೇ ಮಗುಚಿದರೆ ತಳದ ಪಾಕ ಬನ್ನಿನ ಮೇಲೆ ಇಳಿಯುತ್ತದೆ. ಜರ್ಮನಿ ಕಡೆಯಿಂದ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿ ನೆಲೆಸಿದವರು ಶ್ನೆಕ್ಕನ್ ಎಂಬ ಸುರುಳಿ ಬನ್ನನ್ನು ತಮ್ಮ ಜೊತೆ ಒಯ್ದಿದ್ದರು. ಫಿಲಡೆಲ್ಫಿಯಾದ ಸ್ಟಿಕ್ಕಿ ಬನ್ ಬಂದದ್ದು ಅದರಿಂದ. ಅಲ್ಲಿಯವರು ಪೆಕಾನ್ ಅಥವಾ ಅಕ್ರೋಟು ಹಾಕುತ್ತಾರೆ.

ಬೇಕರಿ ತಿಂಡಿ ನಮ್ಮ ಕಡೆಗೆ ಹೊಸದೇನಲ್ಲ. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು 1880ರಲ್ಲೇ ಬೇಕರಿ ಶುರುಮಾಡಿದ್ದರು. ನಮ್ಮ ಬದಿಯಡ್ಕದಂಥ ಪೇಟೆಯಲ್ಲೂ ಒಳ್ಳೆಯ ಬೇಕರಿ ಇದೆ. ಬನ್ನು, ರಸ್ಕು, ಪಫ್ಸು ಎಲ್ಲಾ ಸಿಗುತ್ತದೆ. ಸ್ಟಿಕ್ಕಿ ಬನ್ ಮಾತ್ರ ನಾನು ನೋಡಿಲ್ಲ, ಅದೂ ಗೋಧಿಯದ್ದು. ಬೇಕಿದ್ದರೆ ಮನೆಯಲ್ಲೇ ಮಾಡಬೇಕು.

ಹೋಲಿಸುವಾಗ ಉಳಿದ ಅಳತೆಗಳನ್ನು ಬದಲಿಸಲಿಲ್ಲ. 400 ಗ್ರಾಂ ಹಿಟ್ಟು, 6 ಗ್ರಾಂ ಇನ್‌ಸ್ಟಂಟ್ ಈಸ್ಟ್, 6 ಗ್ರಾಂ ಉಪ್ಪು, 40 ಗ್ರಾಂ ಸಕ್ಕರೆ, 50 ಗ್ರಾಂ ಬೆಣ್ಣೆ. ಈಸ್ಟ್ ತೂಗಲು ತಕ್ಕಡಿ ಇಲ್ಲದಿದ್ದರೆ ಎರಡು ಟೀ ಚಮಚ ಅಂತ ಇಟ್ಟುಕೊಳ್ಳಿ. ಮೊಟ್ಟೆ ನಮ್ಮ ಅಡುಗೆಮನೆಗೆ ಬರುವುದಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಇಷ್ಟಕ್ಕೆ ಒಂಬತ್ತು ಬನ್ ಆಗುತ್ತದೆ.

ಮೊದಲು ಮೈದಾ. 250 ಎಂಎಲ್ ಹಾಲು ಸಾಕು. ಹತ್ತು ನಿಮಿಷ ನಾದಿದರೆ ಕೈಗೆ ಅಂಟದ ಹದ ಬರುತ್ತದೆ, ನಮ್ಮ ಸೆಕೆಗೆ ಒಂದು ಗಂಟೆಯೊಳಗೆ ಎರಡು ಪಟ್ಟು ಉಬ್ಬುತ್ತದೆ. ಬನ್ನು ಎತ್ತರ, ಹಗುರ, ನೋಡಲು ಚಂದ. ರುಚಿಯಲ್ಲಿ ಮಾತ್ರ ಅದಕ್ಕೆ ತನ್ನದು ಅಂತ ಏನೂ ಇಲ್ಲ. ನಾಲಿಗೆಗೆ ಸಿಗುವುದು ಪಾಕದ ಸಿಹಿ ಒಂದೇ. ಒಂದು ಬನ್ ಮುಗಿಯುವ ಮೊದಲೇ ಸಾಕಾಗುತ್ತದೆ.

ಅರ್ಧ ಮೈದಾ, ಅರ್ಧ ಗೋಧಿ ಹಾಕಿದರೆ 275 ಎಂಎಲ್ ಹಾಲು ಬೇಕು. ಈಸ್ಟ್ ಹಿಟ್ಟನ್ನು ಮೊದಲ ಸಲ ಮುಟ್ಟುವವರು ಇದರಿಂದ ಶುರುಮಾಡಬಹುದು. ಹೆಚ್ಚು ಹೇಳಲು ಏನಿಲ್ಲ.

ಪೂರ್ತಿ ಗೋಧಿಯ ವಿಷಯ ಬೇರೆ. ಅದೇ 250 ಎಂಎಲ್ ಹಾಲಿಗೆ ಅದು ಒಣಗಿ ಬಿರಿಯುತ್ತದೆ. 300 ಎಂಎಲ್ ಕುಡಿಯುತ್ತದೆ. ಗೋಧಿಯ ತೌಡು ನಿಧಾನವಾಗಿ ನೀರು ಹೀರುತ್ತದೆ, ಅದಕ್ಕೆ ಸಮಯ ಕೊಡಬೇಕು. ಕಲ್ಲಿನಲ್ಲಿ ಬೀಸಿದ ಹಿಟ್ಟಿನಲ್ಲಿ ಪಿಷ್ಟದ ಕಣಗಳು ಒಡೆದಿರುವುದರಿಂದ ಅದಕ್ಕೆ ಇನ್ನೂ ಜಾಸ್ತಿ ನೀರು ಬೇಕು. ಚಪಾತಿ ಮೆತ್ತಗಾಗುವುದು ಅದರಿಂದಲೇ, ಬನ್ನಿಗೆ ಕಷ್ಟ ಕೊಡುವುದೂ ಅದೇ. ಹಿಟ್ಟು ಹಾಲು ಎರಡನ್ನೇ ಕಲಸಿ 40 ನಿಮಿಷ ಮುಚ್ಚಿಡಿ. ಆಮೇಲೆ ಈಸ್ಟ್, ಉಪ್ಪು, ಸಕ್ಕರೆ ಸೇರಿಸಿ ನಾದಿ. ಬೆಣ್ಣೆ ಕಡೆಗೆ. ನೆನೆಯದ ತೌಡಿನ ಚೂರುಗಳು ಹಿಟ್ಟಿನ ಜಿಗುಟು ಎಳೆಗಳನ್ನು ಕತ್ತರಿಸುತ್ತವೆ. ನೆನೆದರೆ ಆ ಕಾಟ ಕಮ್ಮಿ. ನಾದಿದ ಹಿಟ್ಟಿನ ಒಂದು ಚೂರನ್ನು ಬೆರಳುಗಳ ನಡುವೆ ತೆಳ್ಳಗೆ ಹಿಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೆನೆಸದ ಹಿಟ್ಟು ಕಂದು ಚುಕ್ಕೆ ಇರುವಲ್ಲೆಲ್ಲ ಪರಪರ ಹರಿಯುತ್ತದೆ. ನೆನೆಸಿದ್ದರಲ್ಲಿ ಚುಕ್ಕೆಗಳು ಹಾಗೇ ಇರುತ್ತವೆ, ಸುತ್ತಲಿನ ಪೊರೆ ಹರಿಯದೆ ಹಿಗ್ಗುತ್ತದೆ.

ಇದಕ್ಕಿಂತಲೂ ಒಳ್ಳೆಯ ಫಲ ಕೊಟ್ಟದ್ದು ಗಂಜಿ ಕಾಯಿಸಿ ಹಾಕುವ ಕ್ರಮ. ಜಪಾನ್, ಚೀನಾ ಕಡೆಯ ಬ್ರೆಡ್ಡಿಗೆ ಇದನ್ನೇ ಮಾಡುತ್ತಾರೆ, ತಾಂಗ್‌ಝೋಂಗ್ ಅನ್ನುತ್ತಾರೆ. ಲೆಕ್ಕದ 400 ಗ್ರಾಮಿನಿಂದ 30 ಗ್ರಾಂ ಗೋಧಿ ಹಿಟ್ಟು, 300 ಎಂಎಲ್ ಹಾಲಿನಿಂದ 150 ಎಂಎಲ್ ತೆಗೆದು, ಗಂಟಾಗದಂತೆ ಕದಡಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇರಬೇಕು. ಸುಮಾರು 65 ಡಿಗ್ರಿ ಬಿಸಿಗೆ ಪಿಷ್ಟ ಬೆಂದು ದಪ್ಪವಾಗುತ್ತದೆ. ಸೌಟು ಎಳೆದ ಗೆರೆ ಪಾತ್ರೆಯ ತಳದಲ್ಲಿ ಒಂದು ಕ್ಷಣ ನಿಂತರೆ ಇಳಿಸಿಬಿಡಿ. ಹಿಟ್ಟು ಕಾಯಿಸಿ ಮಗುಚುವ ಸಿಹಿತಿಂಡಿ ಮಣ್ಣಿ ಮಾಡಿ ಅಭ್ಯಾಸ ಇದ್ದವರ ಕೈಗೆ ಈ ಹದ ತಾನಾಗಿಯೇ ಗೊತ್ತಾಗುತ್ತದೆ. ತಣಿದ ಮೇಲೆ ಉಳಿದ ಹಿಟ್ಟಿಗೆ ಹಾಕಿ ಕಲಸಿ. ಬೆಂದ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಬನ್ನು ಮರುದಿನಕ್ಕೂ ಒಣಗುವುದಿಲ್ಲ. ಗೋಧಿ ಬನ್ನು ಗಟ್ಟಿ, ಪುಡಿಪುಡಿ ಅನ್ನುವವರು ಇದನ್ನೊಮ್ಮೆ ಮಾಡಿ ತಿನ್ನಬೇಕು.

ಎತ್ತರದಲ್ಲಿ ಗೋಧಿ ಸೋಲುತ್ತದೆ, ಅದು ಒಪ್ಪಬೇಕಾದದ್ದೇ. ಮೈದಾದಷ್ಟು ಉಬ್ಬಲಿ ಅಂತ ಕಾಯುತ್ತಾ ಕೂರಬೇಡಿ. ಒಂದೂವರೆ ಪಟ್ಟು ಆದ ಕೂಡಲೇ ಲಟ್ಟಿಸಿ. ಎಪ್ರಿಲ್, ಮೇ ಸೆಕೆಗೆ ಹಾಲನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಹಾಕಿದರೂ ಸರಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಉಗುರುಬೆಚ್ಚಗೆ ಬೇಕು, ಸಮಯವೂ ಹೆಚ್ಚು ಬೇಕು. ಇನ್ನು ರುಚಿಯಲ್ಲಿ ನನಗೆ ಅನುಮಾನವೇ ಇಲ್ಲ, ಗೋಧಿಯೇ ಮೇಲು. ಹುರಿದ ಧಾನ್ಯದ ಒಂದು ಘಮ ಪಾಕದ ಸಿಹಿಗೆ ಎದುರು ನಿಲ್ಲುತ್ತದೆ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಒಂದೇ ಬನ್ನಿಗೆ ಹೊಟ್ಟೆ ತುಂಬುವುದು ಸುಮ್ನೆ ಅಲ್ಲ.

ಸಕ್ಕರೆಯ ಕಡೆಗೆ ಬರೋಣ. ಬ್ರೌನ್ ಶುಗರ್ ಅಂದರೆ ಬಿಳಿ ಸಕ್ಕರೆಗೆ ಕಾಕಂಬಿ ಸೇರಿದ್ದು. ತಿಳಿ ಬಣ್ಣದ್ದರಲ್ಲಿ ಸುಮಾರು 3.5, ಗಾಢ ಬಣ್ಣದ್ದರಲ್ಲಿ 6.5 ಶೇಕಡಾ ಕಾಕಂಬಿ ಇರುತ್ತದೆ. ಅಂಗಡಿಯಲ್ಲಿ ಪ್ಯಾಕೆಟ್ಟಿನ ಹಿಂದೆ ಓದಿ ತೆಗೆದುಕೊಳ್ಳಿ. ಕೆಲವದರಲ್ಲಿ ಕ್ಯಾರಮೆಲ್ ಬಣ್ಣ ಅಂತ ಬರೆದಿರುತ್ತದೆ. ಮುಟ್ಟಿದರೆ ಒದ್ದೆ ಮರಳಿನಂತಿರುವುದು ಒಳ್ಳೆಯದು. ಆರೋಗ್ಯಕ್ಕೆ ಅಂತ ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. 100 ಗ್ರಾಂ ಬಿಳಿ ಸಕ್ಕರೆಯಲ್ಲಿ 387 ಕ್ಯಾಲೊರಿ ಇದ್ದರೆ ಇದರಲ್ಲಿ 380. ಬೆಲ್ಲವೂ ಅಲ್ಲೇ ಹತ್ತಿರ. ಇಲ್ಲಿ ನೋಡಬೇಕಾದದ್ದು ರುಚಿ ಮತ್ತು ಹದ, ಅಲ್ವಾ?

ಇದರ ಎದುರಿಗೆ ನಾನು ಇಟ್ಟದ್ದು ಎರಡು ಬೆಲ್ಲ. ಒಂದು ಇಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುವ ಉಂಡೆಬೆಲ್ಲ, ಕಬ್ಬಿನದ್ದು. ಇನ್ನೊಂದು ತಾಳೆಮರದ ನೀರಾ ಕುದಿಸಿ ಮಾಡಿದ ಓಲೆಬೆಲ್ಲ. ಉಂಡೆಬೆಲ್ಲದಲ್ಲಿ ಕಪ್ಪಗಿರುವುದನ್ನೇ ಆರಿಸಿ. ಹೊಳೆಯುವ ಹಳದಿ ಬೆಲ್ಲಕ್ಕೆ ಬಣ್ಣ ತೆಗೆಯುವ ಹೈಡ್ರೋಸ್ ಹಾಕಿರುವ ಸಂಭವ ಹೆಚ್ಚು, ರುಚಿಯೂ ಸಪ್ಪೆ. ಓಲೆಬೆಲ್ಲದ ಒಣ ಓಲೆ ಬಿಚ್ಚುವಾಗಲೇ ಹೊಗೆಯ ವಾಸನೆ ಬರುತ್ತದೆ. ಒಳಗಿನ ಬಿಲ್ಲೆ ಹೆಚ್ಚುಕಮ್ಮಿ ಕಪ್ಪು, ಅಂಚಿನಲ್ಲಿ ಸ್ವಲ್ಪ ಪಸೆ. ಕೆರೆದರೆ ಉಗುರಿಗೆ ಅಂಟುತ್ತದೆ.

ಸುರುಳಿಯ ಒಳಗೆ ಬ್ರೌನ್ ಶುಗರೇ ಗೆಲ್ಲುತ್ತದೆ, ಇದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ಸಕ್ಕರೆ, ಎರಡು ಟೀ ಚಮಚ ದಾಲ್ಚಿನ್ನಿ ಪುಡಿ, 50 ಗ್ರಾಂ ಮೆತ್ತಗಿನ ಬೆಣ್ಣೆ. ಸುತ್ತಿ, ದಪ್ಪ ನೂಲಿನಿಂದ ಕತ್ತರಿಸಿ, ಎರಡನೇ ಸಲ ಉಬ್ಬಲು ಇಟ್ಟರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಬೆಂದಾಗ ಸುರುಳಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ತುರಿದ ಬೆಲ್ಲ ಹಾಗಲ್ಲ. ಅದು ಹಿಟ್ಟಿನ ನೀರನ್ನು ಎಳೆದುಕೊಂಡು, ಉಬ್ಬಲು ಇಟ್ಟ ಅರ್ಧ ಗಂಟೆಯಲ್ಲೇ ಕರಗಿ ಹೊರಗೆ ಹರಿಯುತ್ತದೆ. ಪದರಗಳು ಬಿಟ್ಟುಕೊಳ್ಳುತ್ತವೆ, ಹರಿದ ಬೆಲ್ಲ ಟ್ರೇಯ ಮೂಲೆಯಲ್ಲಿ ಕರಟುತ್ತದೆ. ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟು ಬೆರೆಸಿದರೆ ಹರಿಯುವುದು ಕಡಿಮೆಯಾಗುತ್ತದೆ, ಆದರೆ ಹಿಟ್ಟುಹಿಟ್ಟು ರುಚಿ. ಓಲೆಬೆಲ್ಲ, ಉಂಡೆಬೆಲ್ಲ ಎರಡರದ್ದೂ ಇದೇ ಕತೆ.

ತಳದ ಪಾಕಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಬ್ರೌನ್ ಶುಗರಿನದ್ದು 100 ಗ್ರಾಂ ಸಕ್ಕರೆ, 60 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಜೇನು, ಮೂರು ಚಮಚ ಕೆನೆ, ಚಿಟಿಕೆ ಉಪ್ಪು. ಜೇನು ಬಿಟ್ಟರೆ ತಣಿದಾಗ ಹರಳುಗಟ್ಟುತ್ತದೆ. ಹೊಳಪು ಒಳ್ಳೆಯದು, ಟಾಫಿಯ ರುಚಿ. ಚೆನ್ನಾಗಿದೆ, ಆದರೆ ಸಿಹಿಯ ಮೇಲೆ ಸಿಹಿ. ಓಲೆಬೆಲ್ಲದ ಪಾಕದಲ್ಲಿ ಸಿಹಿಯ ಹಿಂದೆ ಸ್ವಲ್ಪ ಕಹಿ, ಸ್ವಲ್ಪ ಹೊಗೆ ಇದೆ. ಗೋಧಿಯ ಘಮಕ್ಕೆ ಅದು ಕೂಡುವಷ್ಟು ಬೇರೆ ಯಾವುದೂ ಕೂಡಲಿಲ್ಲ. 120 ಗ್ರಾಂ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ. ಸೋಸದಿದ್ದರೆ ಕಸ, ಮರಳು ಬಾಯಿಗೆ ಸಿಗುತ್ತದೆ. ಕೆನೆ ಹಾಕಿದರೆ ಬೆಲ್ಲಕ್ಕೆ ಒಡೆಯುವ ಭಯ ಇದೆ. ಅದರ ಬದಲು ನಾಲ್ಕು ಚಮಚ ದಪ್ಪ ಕಾಯಿಹಾಲು, 30 ಗ್ರಾಂ ತುಪ್ಪ. ಕುದಿಸಿ ದಪ್ಪ ಮಾಡಿ, ಎಳೆ ಪಾಕ ಬರುವ ಮೊದಲೇ ಇಳಿಸಬೇಕು. ಒವನ್ನಿನಲ್ಲಿ ಅದು ಮತ್ತೂ ಕಾಯುವುದರಿಂದ, ಒಲೆಯ ಮೇಲೆಯೇ ಎಳೆ ಬಂದರೆ ಬನ್ನಿನ ಮೇಲೆ ಕಚ್ಚಲಾಗದಷ್ಟು ಗಟ್ಟಿಯಾಗುತ್ತದೆ.

ಅತ್ತೆ ಒಂದು ತುಂಡು ಬಾಯಿಗಿಟ್ಟು, "ಪಾಯಸದ ಪರಿಮಳ ಬತ್ತು (ಬರುತ್ತದೆ)" ಅಂದರು. "ಕಾಯಿಹಾಲು ಹಾಕಿದ್ದೆ ಅತ್ತೆ" ಅಂದೆ. ಬ್ರೌನ್ ಶುಗರಿನ ತಟ್ಟೆಗೆ ಅವರು ಮತ್ತೆ ಕೈ ಹಾಕಲಿಲ್ಲ. ಮಕ್ಕಳು ಮಾತ್ರ ಅದನ್ನೇ ಮೊದಲು ಮುಗಿಸಿದರು.

ಉಂಡೆಬೆಲ್ಲದ ಪಾಕ ಇವೆರಡರ ನಡುವಿನದ್ದು. ತುಸು ಉಪ್ಪುಪ್ಪು, ಬೆಲೆ ಕಡಿಮೆ. ಓಲೆಬೆಲ್ಲ ಸಿಗದಾಗ ನಾನು ಇದನ್ನೇ ಹಾಕುತ್ತೇನೆ, ಬ್ರೌನ್ ಶುಗರಿಗೆ ಹೋಗುವುದಿಲ್ಲ.

ಬೆಣ್ಣೆಯೋ ತೆಂಗಿನೆಣ್ಣೆಯೋ ಅಂತಲೂ ನೋಡಿದ್ದೇನೆ. ಹಿಟ್ಟಿನೊಳಗೆ ತೆಂಗಿನೆಣ್ಣೆ ಧಾರಾಳ ಆಗುತ್ತದೆ. ಸುರುಳಿಗೆ ಸವರಲು ಬೇಡ. ಅದು 24 ಡಿಗ್ರಿಗೇ ಕರಗುತ್ತದೆ, ನಮ್ಮ ಊರಿನಲ್ಲಿ ಹಗಲಿಡೀ ನೀರು. ಸಕ್ಕರೆಯನ್ನು ಹಿಡಿದಿಡುವುದಿಲ್ಲ. ದಾಲ್ಚಿನ್ನಿಯನ್ನು ಹಿಟ್ಟಿಗೆ ಕಲಸಬೇಡಿ, ಈಸ್ಟ್ ಕೆಲಸ ನಿಧಾನವಾಗುತ್ತದೆ. ಒಳಗೆ ಉದುರಿಸುವುದೇ ಸರಿ. ಬೀಜಕ್ಕೆ ಅಕ್ರೋಟು ತಂದು ನೋಡಿದೆ. ಅದರ ಸಿಪ್ಪೆಯ ಒಗರು ಓಲೆಬೆಲ್ಲದ ಕಹಿಯ ಜೊತೆ ಸೇರಿದಾಗ ಜಾಸ್ತಿ ಆಯಿತು. ಮನೆಯ ಗೇರುಬೀಜವೇ ಲಾಯ್ಕ, ಅದರಲ್ಲೂ ಸುಟ್ಟು ಒಡೆದದ್ದು. ಇಡೀ ಬೀಜ ಬೇಡ, ತುಂಡು ಸಾಕು. ಮೊದಲೇ ಹುರಿಯಬೇಡಿ, ಪಾಕದಲ್ಲೇ ಹುರಿಯುತ್ತದೆ.

ಓಟಿಜಿಯಲ್ಲಿ, ಅಂದರೆ ಮನೆಯ ಪುಟ್ಟ ಕರೆಂಟಿನ ಒವನ್ನಿನಲ್ಲಿ, 180 ಡಿಗ್ರಿಗೆ 25ರಿಂದ 30 ನಿಮಿಷ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ. ಗ್ಯಾಸಿನ ಮೇಲೆ ಕುಕ್ಕರಿನಲ್ಲಿ ಉಪ್ಪು ಹಾಸಿ ಬೇಯಿಸುವ ಕ್ರಮ ಮಳೆಗಾಲದ ಕರೆಂಟು ನೆಚ್ಚಲಾಗದ ದಿನಗಳಿಗೆ ಒಳ್ಳೆಯದು, ಆದರೆ ಉರಿ ಪೂರ್ತಿ ತಳಕ್ಕೆ ಬೀಳುತ್ತದೆ. ಬ್ರೌನ್ ಶುಗರಿನ ಪಾಕ ಹೇಗೋ ತಡೆದುಕೊಂಡಿತು, ಬೆಲ್ಲದ ಪಾಕ ಕರಟಿತು. ಕುಕ್ಕರಿನಲ್ಲೇ ಮಾಡುವುದಾದರೆ ಬನ್ನನ್ನು ಪಾಕ ಇಲ್ಲದೆ ಬೇಯಿಸಿ, ಇಳಿಸಿದ ಮೇಲೆ ಬಿಸಿ ಪಾಕ ಸುರಿಯಿರಿ. ಓಟಿಜಿಯದ್ದಾದರೆ ಹೊರತೆಗೆದು ನಾಲ್ಕೈದು ನಿಮಿಷ ಬಿಟ್ಟು ಮಗುಚಿ. ಕೂಡಲೇ ಮಗುಚಿದರೆ ಪಾಕ ತಟ್ಟೆಗೆ ಓಡುತ್ತದೆ, ತಡವಾದರೆ ಟ್ರೇಗೆ ಹಿಡಿಯುತ್ತದೆ.

ಮರುದಿನ ಬಿಸಿ ಮಾಡಲು ಹಬೆಯಲ್ಲಿ ಬೇಯಿಸುವ ಪಾತ್ರೆ ಅಟ್ಟಿನಳಗೆ ಸಾಕು. ಮುಚ್ಚಳದ ನೀರು ಬೀಳದ ಹಾಗೆ ಬಾಳೆಲೆ ಮುಚ್ಚಿ ಐದು ನಿಮಿಷ ಹಬೆ ಕೊಟ್ಟರೆ ಗಂಜಿ ಹಾಕಿದ ಗೋಧಿ ಬನ್ನು ಹೊಸದರಷ್ಟೇ ಮೆತ್ತಗಾಗುತ್ತದೆ. ಮೈದಾದ್ದು ಹಬೆಗೆ ಒದ್ದೆಯಾಗಿ ಹಲ್ಲಿಗೆ ಅಂಟುತ್ತದೆ, ಅದನ್ನು ಓಟಿಜಿಯಲ್ಲೇ ಬಿಸಿ ಮಾಡಿ. ಹಬೆಗೆ ಓಲೆಬೆಲ್ಲದ ಪಾಕ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಬನ್ನಿನ ಅಡಿಗೆ ಒಂದು ಬಟ್ಟಲು ಇಡಿ. ಇಳಿದದ್ದನ್ನು ಅದರ ಮೇಲೆಯೇ ಹೊಯ್ದುಕೊಂಡು ತಿನ್ನಬಹುದು.