ಎದೆಗೆ ಕಟ್ಟುವ ಹಾರ್ಟ್ ರೇಟ್ ಬೆಲ್ಟ್: ಎರಡು ವರ್ಷ ಬಳಸಿದ ಮೇಲೆ

ಬೆಳಗಿನ ಜಾವ ಐದೂಕಾಲಿಗೆ ಎದ್ದು, ಬೆಲ್ಟಿನ ಎರಡು ರಬ್ಬರ್ ಪಟ್ಟಿ ಒದ್ದೆ ಮಾಡಿ ಎದೆಗೆ ಬಿಗಿಯುವುದು ನನ್ನ ನಿತ್ಯದ ಕೆಲಸ. "ಕೊರಳಾಗೆ ಕರಡಿಗೆ, ಎದೆಗೆ ಬೆಲ್ಟು, ಇನ್ನೇನ್ ಕಟ್ಕಳದು ಬಾಕಿ ಐತ್ರೀ?" ಅಂತಾಳೆ ಹೆಂಡತಿ. ಒದ್ದೆ ಮಾಡದಿದ್ದರೆ ಚಳಿಗಾಲದ ಒಣಚರ್ಮದಿಂದ ಹೃದಯದ ವಿದ್ಯುತ್ ಸುಳಿವು ಬೆಲ್ಟಿಗೆ ಸರಿಯಾಗಿ ಸಿಗದೆ, ನಿಂತಲ್ಲೇ ನಿಮಿಷಕ್ಕೆ 210 ಬಡಿತ ತೋರಿಸುತ್ತದೆ. ನಮ್ಮ ದುರ್ಗದಲ್ಲಿ ನಲ್ಲಿ ನೀರು ಬಾರದ ದಿನ ಎಂಜಲೇ ಗತಿ.

ಬೆಲ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಅದರ ಆ್ಯಪ್ ಮೇಲಿದೆ. ನನಗೆ 52. ಆ್ಯಪ್ 220ರಲ್ಲಿ ವಯಸ್ಸು ಕಳೆದು, ನನ್ನ ಗರಿಷ್ಠ ಬಡಿತ 168 ಎಂದು ತಾನೇ ತೀರ್ಮಾನಿಸಿತು. ಹಗುರ ಓಟ ಅದರ ಶೇ. 70ರೊಳಗೆ, ಅಂದರೆ 118 ದಾಟಬಾರದಂತೆ. ಚಂದ್ರವಳ್ಳಿ ರಸ್ತೆಯಲ್ಲಿ 128ಕ್ಕೆ ಓಡುತ್ತಾ ಗೆಳೆಯನ ಜೊತೆ ಶೇಂಗಾ ರೇಟು ಮಾತಾಡ್ತಿರ್ತೀನಿ, ಉಸಿರು ಕಟ್ಟಿಲ್ಲ, ಕಿಸೆಯೊಳಗಿಂದ ಫೋನು ಕಿರುಚುತ್ತದೆ. ನಾಲ್ಕು ತಿಂಗಳು ಅದರ ಮಾತು ಕೇಳಿ ಅರ್ಧ ನಡೆದೆ. ಮಂಕಿ ಟೋಪಿ ಹಾಕಿಕೊಂಡ ಹಿರಿಯರೆಲ್ಲ ನನ್ನ ದಾಟಿ ಹೋದರು.

ಆಮೇಲೆ ಡಾಕ್ಟರ ಹತ್ತಿರ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿ, ಅವರು ಸರಿ ಅಂದ ಮೇಲೆ ಜೋಗಿಮಟ್ಟಿ ಏರಿನಲ್ಲಿ ಮೂರು ಸಲ ಶಕ್ತಿಯೆಲ್ಲ ಹಾಕಿ ಓಡಿದೆ. ಮೂರನೆಯದರಲ್ಲಿ 184 ಬಂತು. 2001ರಲ್ಲಿ ಸಂಶೋಧಕ ತನಾಕಾ ಮತ್ತವರ ಸಂಗಡಿಗರು ಕೊಟ್ಟ ಸೂತ್ರ (208ರಲ್ಲಿ ವಯಸ್ಸಿನ 0.7 ಪಾಲು ಕಳೆಯುವುದು) ಹಾಕಿದರೂ ನನಗೆ 172 ಬರುತ್ತದೆ. ಸೂತ್ರಗಳೆಲ್ಲ ಬಹಳ ಜನರ ಸರಾಸರಿ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. 184ರ ಶೇ. 70 ಅಂದರೆ 129. ಶೇಂಗಾ ಮಾತಾಡುತ್ತಿದ್ದ ವೇಗವೇ ಸರಿಯಿತ್ತು!

ಈ ಅಂಕಿ ಬದಲಿಸುವ ಜಾಗವನ್ನು ಆ್ಯಪಿನಲ್ಲಿ ಐದು ಪುಟದ ಒಳಗೆ ಬಚ್ಚಿಟ್ಟಿದ್ದಾರೆ. ಪ್ರತಿ ಅಪ್‌ಡೇಟಿಗೂ ಅದು ಮತ್ತೆ 168 ಆಗುತ್ತದೆ. ಕಂಪನಿಗೆ ಎರಡು ಸಲ ಬರೆದೆ, ಎರಡು ಸಲವೂ ಅದೇ ಸಿದ್ಧ ಉತ್ತರ.

ಆದರೂ ಬಿಡಲಾರೆ. ಏಳುವ ಮೊದಲು ಹಾಸಿಗೆಯಲ್ಲೇ ಎರಡು ನಿಮಿಷ ಕಟ್ಟಿಕೊಂಡು ನೋಡುವ ಬಡಿತ ಮೊದಲು 68 ಇತ್ತು, ಈಗ 57. ಮದುವೆ ಮನೆಯಲ್ಲಿ ನಿದ್ದೆಗೆಟ್ಟು ಬಂದ ಮರುದಿನ 64 ತೋರಿಸಿದರೆ ಜೋಗಿಮಟ್ಟಿ ಬಿಟ್ಟು ಬಯಲಲ್ಲಿ ನಡೆಯುತ್ತೇನೆ. ಏಪ್ರಿಲ್‌ನಲ್ಲಿ ಅದೇ ವೇಗಕ್ಕೆ ಎಂಟು ಹತ್ತು ಬಡಿತ ಜಾಸ್ತಿ. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ, ಬೆವರಿಗೆ ನೀರೂ ಕಳೆಯುತ್ತದೆ, ಹೃದಯ ಹೆಚ್ಚು ದುಡಿಯಬೇಕು. ಇದು ಗೊತ್ತಾದ ಮೇಲೆ ಬೇಸಿಗೆಯಲ್ಲಿ ನಿಧಾನವಾದೆನೆಂದು ನನ್ನನ್ನು ನಾನೇ ಬೈದುಕೊಳ್ಳುವುದು ನಿಂತಿತು.

ಬೆಲ್ಟಿಗೆ ಕೊಟ್ಟ ಐದೂವರೆ ಸಾವಿರ ನನಗೆ ಸಣ್ಣ ದುಡ್ಡಲ್ಲ. ಹದಿನಾಲ್ಕು ತಿಂಗಳಿಗೆ ಎಲಾಸ್ಟಿಕ್ ಜೋತುಬಿತ್ತು. ಹೊಸ ಪಟ್ಟಿಗೆ ಸಾವಿರದ ಎಂಟುನೂರು ಕೇಳಿದರು. ನಮ್ಮ ಬೀದಿಯ ಟೈಲರ್ ಬೆನ್ನಿನ ಭಾಗ ಕತ್ತರಿಸಿ ನಲವತ್ತು ರೂಪಾಯಿಗೆ ಹೊಲಿದುಕೊಟ್ಟ. ಇನ್ನೂ ಗಟ್ಟಿಯಾಗಿದೆ.

ನಿನ್ನೆ ರಾತ್ರಿ ಮತ್ತೊಂದು ಅಪ್‌ಡೇಟ್ ಬಂತು. ಇವತ್ತು ಚಂದ್ರವಳ್ಳಿ ತಿರುವಿನಲ್ಲಿ ಕಿಸೆ ಕಿರುಚಿತು. ನಿಂತು, ಕನ್ನಡಕ ಏರಿಸಿಕೊಂಡು, ಮತ್ತೆ 184 ತುಂಬಿದೆ.